ಬುಲೆಟ್ ಟ್ಯಾಪೆಟ್ ಬಡಿದರೆ ಮೊದಲು ಆಯಿಲ್ ನೋಡಿ

"ಅಣ್ಣಾ, ಟ್ಯಾಪೆಟ್ ಭಾಳ ಸಪ್ಪಳ ಮಾಡಾಕತ್ತಾವ, ಸ್ವಲ್ಪ ಟೈಟ್ ಮಾಡಿ ಕೊಡ್ರಿ." ಹುಬ್ಬಳ್ಳಿಯ ನಮ್ಮ ಗ್ಯಾರೇಜಿಗೆ ಬುಲೆಟ್ ತರುವವರಲ್ಲಿ ಬಹಳ ಮಂದಿ ಹೀಗೇ ಮಾತು ಶುರುಮಾಡುತ್ತಾರೆ. ಕ್ಯಾಮ್ (ಉಬ್ಬು ಇರುವ ತಿರುಗುವ ಶಾಫ್ಟ್) ಎತ್ತಿದ್ದನ್ನು ಎಂಜಿನ್ನಿನ ವಾಲ್ವಿನ ಕಡೆಗೆ ಮುಟ್ಟಿಸುವ ತುಂಡೇ ಟ್ಯಾಪೆಟ್, ನಡುವೆ ಗ್ಯಾಪ್ ಹೆಚ್ಚಾದರೆ ಬಡಿಯುತ್ತದೆ. ನಾನು ಪಾನಾ ಹಿಡಿಯುವ ಮೊದಲು ಗಾಡಿ ಯಾವ ವರ್ಷದ್ದು ಅಂತ ಕೇಳುತ್ತೇನೆ.

ಹಳೆಯ ಕಾಸ್ಟ್ ಐರನ್ ಎಂಜಿನ್ ಆದರೆ ಟೈಟ್ ಮಾಡುವ ಮಾತಿಗೆ ಅರ್ಥವಿದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೆ ಬಂದು ನಿಂತಾಗ, ಪುಶ್‌ರಾಡ್ (ಟ್ಯಾಪೆಟ್‌ನಿಂದ ಮೇಲಿನ ವಾಲ್ವಿನ ಕಡೆಗೆ ತಳ್ಳುವ ಕಡ್ಡಿ) ಬೆರಳಿನಿಂದ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಕೈಗೆ ಅಭ್ಯಾಸವಾದರೆ ಬೇಗ ಮುಗಿಯುವ ಕೆಲಸ. 2009ರಲ್ಲಿ ಬಂದ ಕ್ಲಾಸಿಕ್ 350, 500ರ ಯುಸಿಇ ಎಂಜಿನ್ (ಎಂಜಿನ್ನು, ಗೇರ್‌ಬಾಕ್ಸು ಒಂದೇ ಕವಚದಲ್ಲಿರುವುದು) ಬೇರೆ. ಅದರಲ್ಲಿರುವುದು ಹೈಡ್ರಾಲಿಕ್ ಲಿಫ್ಟರ್, ಅಂದರೆ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಟ್ಯಾಪೆಟ್. ಗ್ಯಾಪನ್ನು ಆಯಿಲ್ಲೇ ತುಂಬಿಕೊಳ್ಳುತ್ತದೆ, ಟೈಟ್ ಮಾಡಲು ಅಲ್ಲಿ ಸ್ಕ್ರೂನೇ ಇಲ್ಲ. ಈ ಗಾಡಿಗೆ ಯಾರಾದರೂ 'ಟ್ಯಾಪೆಟ್ ಸೆಟ್ಟಿಂಗ್' ಅಂತ ಬಿಲ್ ಬರೆದುಕೊಟ್ಟರೆ, ಏನು ಸೆಟ್ ಮಾಡಿದಿರಿ ಅಂತ ಒಂದು ಮಾತು ಕೇಳಿ. 2020ರ ಮೀಟಿಯರ್‌ನಿಂದ ಶುರುವಾದ ಜೆ ಸೀರೀಸ್ ಎಂಜಿನ್ನಿನಲ್ಲಿ ಮತ್ತೆ ಸ್ಕ್ರೂ ಬಂದಿದೆ.

ಹೈಡ್ರಾಲಿಕ್ ಲಿಫ್ಟರ್ ಒಳಗೆ ಒಂದು ಸಣ್ಣ ಪ್ಲಂಜರ್ (ಮೇಲೆ ಕೆಳಗೆ ಸರಿಯುವ ತುಂಡು), ಅದರ ಕೆಳಗೆ ಸ್ಪ್ರಿಂಗು, ನಡುವೆ ಒಂದು ಗುಂಡು. ಆಯಿಲ್ ಪಂಪಿನಿಂದ ಬಂದ ಆಯಿಲ್ ಗುಂಡನ್ನು ದಾಟಿ ಕೆಳಗಿನ ಕೋಣೆ ತುಂಬುತ್ತದೆ. ಕ್ಯಾಮ್ ಎತ್ತಿದಾಗ ಗುಂಡು ಮುಚ್ಚಿಕೊಂಡು ಆಯಿಲ್ ಹಿಂದೆ ಹೋಗದಂತೆ ತಡೆಯುತ್ತದೆ. ನಿಮ್ಮ ಹೊಲದ ಪಂಪಿನ ಫುಟ್‌ವಾಲ್ವ್ ಮಾಡುವ ಕೆಲಸವೇ ಇದು: ಅಲ್ಲಿ ಕಸ ಸಿಕ್ಕರೆ ನೀರು ಇಳಿದುಹೋಗುತ್ತದೆ, ಇಲ್ಲಿ ಸಿಕ್ಕರೆ ಆಯಿಲ್ ಇಳಿದು ಟಕ್ ಟಕ್ ಶುರುವಾಗುತ್ತದೆ.

ಹಾಗಾಗಿ ಸಪ್ಪಳ ಎಷ್ಟು ಜೋರು ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದು ನನಗೆ ಮುಖ್ಯ. ನಾಲ್ಕು ದಿನ ನಿಂತ ಗಾಡಿ ಬೆಳಿಗ್ಗೆ ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಬಡಿದು ಸುಮ್ಮನಾದರೆ ಅದು ರೋಗವಲ್ಲ. ಇಳಿದ ಆಯಿಲ್ ಮತ್ತೆ ತುಂಬಿಕೊಳ್ಳುತ್ತಿದೆ, ಅಷ್ಟೇ. ತಣ್ಣಗಿದ್ದಾಗ ಸುಮ್ಮನಿದ್ದು, ಏಪ್ರಿಲ್ ಬಿಸಿಲಲ್ಲಿ ಚೆನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿಗೆ ನಿಂತಾಗ ಬಡಿಯತೊಡಗಿದರೆ ಮಾತ್ರ ಯೋಚಿಸಬೇಕು. ಬಿಸಿಗೆ ಆಯಿಲ್ ತೆಳ್ಳಗಾಗಿರುತ್ತದೆ, ಐಡಲಿಂಗ್‌ನಲ್ಲಿ ಪ್ರೆಷರ್ ಕಡಿಮೆ, ಲಿಫ್ಟರ್ ತುಂಬುವುದಿಲ್ಲ. ಇನ್ನೊಂದು ಗುರುತು: ಕ್ಯಾಮ್ ತಿರುಗುವುದು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಅರ್ಧ ವೇಗದಲ್ಲಿ. ಐಡಲಿಂಗ್ ನಿಮಿಷಕ್ಕೆ 1000 ಸುತ್ತು ಇದ್ದರೆ ಒಂದು ಲಿಫ್ಟರ್ ನಿಮಿಷಕ್ಕೆ 500 ಸಲ ಬಡಿಯುತ್ತದೆ. ಅದರ ಎರಡು ಪಟ್ಟು ವೇಗದ ದಪ್ಪ ಸಪ್ಪಳ ಕೆಳಗಿನಿಂದ ಬಂದರೆ ಕ್ರ್ಯಾಂಕ್ ಕಡೆ ನೋಡಬೇಕು. ಸೈಲೆನ್ಸರ್ ಬೆಂಡು ಹೆಡ್ಡಿಗೆ ಕೂಡುವಲ್ಲಿ ಲೀಕ್ ಇದ್ದರೂ ಥೇಟ್ ಟ್ಯಾಪೆಟ್ ಹಾಗೇ ಕೇಳುತ್ತದೆ. ಅಲ್ಲಿ ಕರಿ ಮಸಿ ಹತ್ತಿದೆಯೇ ನೋಡಿ.

ಈಚೆಗೆ ನವಲಗುಂದ ಕಡೆಯವರೊಬ್ಬರು ಕ್ಲಾಸಿಕ್ 350 ತಂದರು. ಬೇರೆ ಕಡೆ ಎರಡೂ ಲಿಫ್ಟರ್ ಬದಲಿಸಬೇಕು ಅಂದಿದ್ದರಂತೆ. ಡಬಲ್ ಸ್ಟ್ಯಾಂಡ್ ಹಾಕಿ, ಸ್ವಲ್ಪ ಹೊತ್ತು ಚಾಲೂ ಇಟ್ಟು, ಬಂದ್ ಮಾಡಿ ಕಾದೆವು. ಬಲಬದಿಯ ಗಾಜಿನ ಕಿಂಡಿಯಲ್ಲಿ ಆಯಿಲ್ ಕಾಣಲೇ ಇಲ್ಲ. ಇಳಿಸಿದ ಆಯಿಲ್ ಡಾಂಬರಿನ ಬಣ್ಣ, ಏರ್ ಫಿಲ್ಟರ್ ತುಂಬ ಎರೆಮಣ್ಣಿನ ಧೂಳು. ಹೊಸ ಆಯಿಲ್ ಫಿಲ್ಟರ್, ಅದರ ಓ-ರಿಂಗ್ (ರಬ್ಬರ್ ಉಂಗುರ), 15ಡಬ್ಲ್ಯೂ50 ದಪ್ಪದ ಆಯಿಲ್ ಹಾಕಿದೆ. ಒಂದು ಲಿಫ್ಟರ್ ಅಲ್ಲೇ ಸುಮ್ಮನಾಯಿತು. ಇನ್ನೊಂದು ಧಾರವಾಡಕ್ಕೆ ಹೋಗಿಬಂದ ಮೇಲೂ ಬಡಿಯುತ್ತಿತ್ತು, ಅದನ್ನು ಬಿಚ್ಚಿದೆ. ಗುಂಡು ಕೂರುವ ಜಾಗದಲ್ಲಿ ಕಂದು ಜಿಡ್ಡು ಗಟ್ಟಿಯಾಗಿತ್ತು. ತೊಳೆದು, ಹೊಸ ಆಯಿಲ್‌ನಲ್ಲಿ ಮುಳುಗಿಸಿ ಪಂಪ್ ಮಾಡಿದಾಗ ಹೆಬ್ಬೆರಳಿಗೆ ಬಗ್ಗದಷ್ಟು ಗಟ್ಟಿಯಾಯಿತು. ಅದೇ ಲಿಫ್ಟರ್ ಮತ್ತೆ ಒಳಗೆ ಹೋಯಿತು. ಹೀಗೆ ತೊಳೆಯುವಾಗ ಒಂದರ ಪ್ಲಂಜರ್ ಇನ್ನೊಂದಕ್ಕೆ ಹಾಕಬಾರದು, ಅವು ಜೋಡಿಯಾಗಿಯೇ ಕೂತಿರುತ್ತವೆ. ಕ್ಯಾಮ್‌ಗೆ ತಾಗುವ ಮುಖ ಸವೆದಿದ್ದರೆ ಮಾತ್ರ ತೊಳೆದು ಉಪಯೋಗವಿಲ್ಲ, ಹೊಸದೇ ಬೇಕು, ಕ್ಯಾಮನ್ನೂ ನೋಡಬೇಕು.

ಆಯಿಲ್ ಕಡಿಮೆಯಾದರೆ ಸಪ್ಪಳ ಅಂತ ಕೇಳಿ ಕೆಲವರು ಕಿಂಡಿ ಮುಳುಗುವಷ್ಟು ಸುರಿಯುತ್ತಾರೆ. ಹೆಚ್ಚಾದ ಆಯಿಲ್ ಕಡೆದು ನೊರೆಯಾದರೆ ಲಿಫ್ಟರಿಗೆ ಗಾಳಿ ಸೇರಿ ಮತ್ತೆ ಅದೇ ಟಕ್ ಟಕ್. ದಪ್ಪ ಆಯಿಲ್ ಹಾಕಿ ಸಪ್ಪಳ ಮುಚ್ಚುವುದೂ ಬೇಡ. ಕಾರಿನ ಆಯಿಲ್ ಅಂತೂ ಬೇಡವೇ ಬೇಡ, ಕ್ಲಚ್ಚೂ ಅದೇ ಆಯಿಲ್‌ನಲ್ಲಿರುತ್ತದೆ. ಡಬ್ಬಿಯ ಮೇಲೆ ಜೆಎಎಸ್‌ಒ ಎಂಎ (ಆಯಿಲ್‌ನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ದರ್ಜೆ) ಅಂತ ಇರಬೇಕು.

ಸ್ಪ್ಲೆಂಡರ್, ಶೈನ್ ಇದ್ದವರಿಗೂ ಒಂದು ಮಾತು. ನಿಮ್ಮಲ್ಲಿ ಸ್ಕ್ರೂ ಇದೆ, ಆದರೆ ಸಪ್ಪಳವೇ ಬರಬಾರದು ಅಂತ ಮೆಕ್ಯಾನಿಕ್‌ಗೆ ಹಟ ಹಿಡಿಯಬೇಡಿ. ಎಕ್ಸಾಸ್ಟ್ ವಾಲ್ವಿನ ಬಿಸಿ ಬಹುಪಾಲು ಇಳಿಯುವುದು ಅದು ಸೀಟಿನ ಮೇಲೆ ಕೂತಾಗ. ಗ್ಯಾಪೇ ಇಲ್ಲದಂತೆ ಬಿಗಿದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಅಂಚು ಸುಡುತ್ತದೆ, ಕಂಪ್ರೆಷನ್ ಹೋಗುತ್ತದೆ. ಅಲ್ಲಿಯವರೆಗೆ ಎಂಜಿನ್ ಬಲು ಮೆತ್ತಗೆ ಓಡುತ್ತಿರುತ್ತದೆ, ಮಾಲೀಕರೂ ಖುಷಿಯಾಗಿರುತ್ತಾರೆ. ತಣ್ಣಗಿನ ಎಂಜಿನ್ನಿಗೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ, ಕಂಪನಿ ಹೇಳಿದ ಗ್ಯಾಪ್ ಬಿಟ್ಟು, ಉಳಿದ ಸಣ್ಣ ಟಿಕ್ ಟಿಕ್ ಹಾಗೇ ಇರಲಿ.

ಓಡುತ್ತಿದ್ದ ಬುಲೆಟ್ ಒಮ್ಮೆಲೇ ಗಟ್ಟಿಯಾಗಿ ಬಡಿದು ಪಿಕಪ್ಪೂ ಬಿದ್ದುಹೋದರೆ ಪುಶ್‌ರಾಡ್ ಬಗ್ಗಿರಬಹುದು, ರಾಕರ್ (ವಾಲ್ವನ್ನು ಒತ್ತುವ ತೋಳು) ಮುರಿದಿರಬಹುದು. ಅಂಥಾದ್ದನ್ನು ಗದಗಿನಿಂದ ಇಲ್ಲಿವರೆಗೆ ಓಡಿಸಿಕೊಂಡು ಬರಬೇಡಿ, ಟಾಟಾ ಏಸ್‌ನಲ್ಲಿ ಹೇರಿಕೊಂಡು ಬನ್ನಿ.