ಕೋವಿ ಮೇಲಿನ ಬಾಣದ ಗುರುತು

ಮುಳಬಾಗಿಲು ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ತಾತನ ಕಾಲದ ಒಂಟಿ ನಳಿಗೆ ಕೋವಿ ಇದೆ. ಕಡಲೇಕಾಯಿ ಹೊಲಕ್ಕೆ ಹಂದಿ ನುಗ್ಗುತ್ತವೆ ಅಂತ ತಾತ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿದ್ದರು. ಈಗ ಅದು ದೊಡ್ಡಪ್ಪನ ಹೆಸರಲ್ಲಿದೆ. ಅವರಿಗೂ ಎಪ್ಪತ್ತು ದಾಟಿತು. ಮಗನ ಹೆಸರಿಗೆ ಮಾಡಿಸೋಣ ಅಂತ ಮಾತು ಬಂದ ದಿನವೇ ಮನೆಯಲ್ಲಿ ಪ್ರಶ್ನೆ ಎದ್ದಿತು: "ಇದು ಮಿಲ್ಟ್ರಿ ಕೋವಿ ಅಲ್ವಾ? ಲಕ್ಷಗಟ್ಟಲೆ ಬರುತ್ತಂತೆ?"

ದೊಡ್ಡಪ್ಪ ಎಣ್ಣೆ ಬಟ್ಟೆ ಬಿಚ್ಚಿ, ಒಳಗೆ ತೋಟಾ ಇಲ್ಲ ಅಂತ ತೋರಿಸಿ, ಬೋಲ್ಟ್ ಹೊರಗೆ ತೆಗೆದರು. ನಾನು ಟಾರ್ಚ್ ಹಿಡಿದೆ. ಬೋಲ್ಟಿನ ಹಿಡಿ ಕೂರುವ ಜಾಗದ ಕೆಳಗೆ, ಕಬ್ಬಿಣ ಮರಕ್ಕೆ ಸೇರುವಲ್ಲಿ ಒಂದು ಕಿರೀಟ. ಅದರಡಿ ಜಿ.ಆರ್.ಐ. ಎಂಬ ಅಕ್ಷರಗಳು, ಇಷಾಪುರ್ ಎಂಬ ಹೆಸರು, ಒಂದು ಇಸವಿ. ಜಿ.ಆರ್.ಐ. ಅಂದರೆ ಭಾರತದ ಚಕ್ರವರ್ತಿಯೂ ಆಗಿದ್ದ ಜಾರ್ಜ್ ದೊರೆ. ನೋಡಿದರೆ ಥೇಟ್ ಬ್ರಿಟಿಷ್ ಸೈನ್ಯದ .303 ರೈಫಲ್ (ಈ ಅಂಕಿ ನಳಿಗೆಯೊಳಗಿನ ಅಗಲ, ಇಂಚಿನಲ್ಲಿ). ಆದರೆ ನಳಿಗೆಯೊಳಗೆ ಬೆಳಕು ಬಿಟ್ಟರೆ, ಗುಂಡನ್ನು ತಿರುಗಿಸಿ ದೂರಕ್ಕೆ ನೇರ ಕಳಿಸುವ ಸುರುಳಿ ಗೀರುಗಳೇ ಇಲ್ಲ, ಪೂರಾ ನುಣುಪು. ತೋಟಾ ತುಂಬುವ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ಬಡಿದಿದ್ದಾರೆ. ಒಂದು ಸಲಕ್ಕೆ ಒಂದೇ ಈಡು.

ಇದು .410 ಮಸ್ಕೆಟ್. ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲಿ .303 ರೈಫಲ್‌ಗಳನ್ನೇ ಬದಲಾಯಿಸಿ ಪೊಲೀಸರಿಗೆ, ಕಾವಲುಗಾರರಿಗೆ ಅಂತ ಮಾಡಿಕೊಟ್ಟ ಕೋವಿ. ಒಳ್ಳೆಯ ರೈಫಲ್ ಅನ್ನು ಹೀಗೆ ಯಾಕೆ ಕುಗ್ಗಿಸಿದರು? ಬೇರು 1857ರಲ್ಲಿದೆ. ಸಿಪಾಯಿಗಳ ದಂಗೆಯ ಮರುವರ್ಷವೇ ಬ್ರಿಟಿಷರು ದೇಶೀ ಸೈನಿಕರಿಗೆ ಅಂತ ಗೀರಿಲ್ಲದ .656 ಎನ್‌ಫೀಲ್ಡ್ ಕೋವಿ ತಂದರು. ದೂರಕ್ಕೆ ಗುರಿ ಇಡುವ ಕೋವಿ ಗೋರಾ ಸೈನಿಕರ ಕೈಯಲ್ಲಿ ಮಾತ್ರ ಇರಬೇಕಿತ್ತು. ಅದೇ ಅಂಜಿಕೆ ಮುಂದೆ ಪೊಲೀಸರ ಕೋವಿಗೂ ಬಂತು. .410 ಮಸ್ಕೆಟ್ಟಿನ ತೋಟಾ ಕೂಡ .303ರ ಕೊಳವೆಯನ್ನೇ ಕತ್ತು ಕಿರಿದು ಮಾಡದೆ ಬಿಟ್ಟದ್ದು. ಅಂಗಡಿಯ ಮಾಮೂಲಿ .410 ತೋಟಾ ಅದರಲ್ಲಿ ಕೂರೋದಿಲ್ಲ. ಬರ್ಮಿಂಗ್‌ಹ್ಯಾಮಿನ ಗ್ರೀನರ್ ಕಂಪನಿ ಈಜಿಪ್ಟಿನ ಪೊಲೀಸರಿಗೆ ಮಾಡಿದ ಕೋವಿಯಲ್ಲೂ ಇದೇ ಉಪಾಯ. ಕದ್ದವನಿಗೆ ತೋಟಾ ಸಿಗಬಾರದು ಅಂತ ಬೇರೆಯೇ ಅಳತೆ ಇಟ್ಟರು.

ಗುರುತು ಓದುವಾಗ ಜನ ಜಾಸ್ತಿ ಎಡವೋದು ಕಿರೀಟದ ವಿಷಯದಲ್ಲಿ. ಕಿರೀಟ ಕಂಡ ಕೂಡಲೇ ಸೈನ್ಯದ್ದು ಅನ್ನುತ್ತಾರೆ. ಅದು ಹಾಗಲ್ಲ. 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕೇಂದ್ರ ಜೋಡಿ ನಳಿಗೆಯ ಶಿಕಾರಿ ಕೋವಿಗಳಿಗೂ ಕಿರೀಟದ ಮುದ್ರೆ ಒತ್ತುತ್ತಿತ್ತು. ನಳಿಗೆ ಮದ್ದಿನ ಒತ್ತಡ ತಡೆಯುತ್ತದೆ ಅನ್ನೋದಕ್ಕೆ ಅದು ಸಾಕ್ಷಿ, ಅಷ್ಟೇ. ಸರ್ಕಾರದ ಸ್ವತ್ತಿಗೆ ಹಾಕುತ್ತಿದ್ದದ್ದು ಮೂರು ಗೀಟಿನ ಬಾಣ. ಅದರ ಕೆಳಗೆ ಇಂಗ್ಲಿಷಿನ ಐ ಇದ್ದರೆ ಭಾರತ ಸರ್ಕಾರದ್ದು. ಎರಡು ಬಾಣ ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೇವೆಯಿಂದ ತೆಗೆದು ಮಾರಿದ್ದು ಅಂತ ಅರ್ಥ. ನಮ್ಮ ಕೋವಿಯಲ್ಲಿ ಈ ಜೋಡಿ ಬಾಣ ಇತ್ತು. ಕದ್ದ ಮಾಲಲ್ಲ, ಸರ್ಕಾರವೇ ಮಾರಿದ್ದು ಅಂತ ನನಗೆ ಸಮಾಧಾನ ಆದದ್ದು ಅಲ್ಲೇ. ಸ್ವಾತಂತ್ರ್ಯದ ನಂತರದ ಇಷಾಪುರ್ ಕೋವಿಯಾದರೆ ಕಿರೀಟದ ಜಾಗದಲ್ಲಿ ಅಶೋಕನ ಸಿಂಹಗಳಿರುತ್ತವೆ. ಇಸವಿ ನೋಡಿ ಮೋಸ ಹೋಗಬೇಡಿ, ಅದು ರೈಫಲ್ ಹುಟ್ಟಿದ ವರ್ಷ, ಮಸ್ಕೆಟ್ ಆದ ವರ್ಷವಲ್ಲ.

ಇನ್ನು ಬೆಲೆ. 1980ರ ದಶಕದಲ್ಲಿ ಸಾಮಾನ್ಯ ಜನರಿಗೆ ವಿದೇಶಿ ಕೋವಿಗಳ ಆಮದು ನಿಂತಿತು. ಆಗಲೇ ಇಲ್ಲಿದ್ದ ವೆಬ್ಲಿ ಸ್ಕಾಟ್, ಗ್ರೀನರ್‌ನಂಥ ಬ್ರಿಟಿಷ್ ಕಂಪನಿಗಳ ಜೋಡಿ ನಳಿಗೆಗಳಿಗೆ ಬೆಲೆ ಏರಿತು. ಮಸ್ಕೆಟ್ಟಿಗೆ ಆ ಅದೃಷ್ಟ ಇಲ್ಲ. ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು. 2019ರ ಆಯುಧ ಕಾಯ್ದೆ ತಿದ್ದುಪಡಿಯಿಂದ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ, ಅದರಲ್ಲಿ ಪಿತ್ರಾರ್ಜಿತವೂ ಸೇರಿತು. ತೋಟಾ ಸಿಗದ ಕೋವಿಗೆ ಆ ಎರಡರಲ್ಲಿ ಒಂದು ಜಾಗ ಯಾರು ಕೊಡುತ್ತಾರೆ? ಮಾಮೂಲಿ ತೋಟಾ ಹಿಡಿಯುವ ಹಾಗೆ ಒಳಗೆ ಕೊರೆಸಿದರೆ ಬಳಕೆಗೆ ಬರಬಹುದು, ಆದರೆ ಹಳೆಯದನ್ನು ಹಳೆಯದಾಗಿಯೇ ಬಯಸುವವರ ಪಾಲಿಗೆ ಅದರ ಬೆಲೆ ಬಿತ್ತು. ಅಮೆರಿಕದ ಸೈನ್ಯದ ಮುದ್ರೆ ಇರುವ ವಿಂಚೆಸ್ಟರ್ ಕಂದಕ ಕೋವಿಗಳ (ಕಂದಕದ ಯುದ್ಧಕ್ಕೆ ಅಂತ ಮಾಡಿದವು) ದೊಡ್ಡ ಬೆಲೆ ಕೇಳಿ ಇದಕ್ಕೂ ಅಷ್ಟೇ ಅಂದುಕೊಳ್ಳೋದು ತಪ್ಪು. ಆ ಮುದ್ರೆಯನ್ನು ನಕಲಿಯಾಗಿ ಒತ್ತಿ ಮಾರುವವರೂ ಇದ್ದಾರೆ.

ಒಂದು ಸಂಕಟ ಹೇಳಲೇಬೇಕು. ಚುನಾವಣೆ ಸಮಯದಲ್ಲಿ ಜಮಾ ಮಾಡಿ ವಾಪಸ್ ತಂದಾಗ ಕೋವಿಗೆ ತುಕ್ಕು ಹಿಡಿದಿತ್ತು. ರಿಪೇರಿಗೆ ಕೊಟ್ಟೆವು. ಅಂಗಡಿಯವರು ಮರಳು ಕಾಗದ ಹಾಕಿ ಉಜ್ಜಿ ಮಿರಮಿರ ಮಿಂಚಿಸಿ ಕೊಟ್ಟರು. ಜೋಡಿ ಬಾಣದಲ್ಲಿ ಒಂದು ಅರ್ಧ ಅಳಿಸಿಹೋಗಿದೆ. ಅರವತ್ತು ವರ್ಷ ಕಾಪಾಡಿದ ಗುರುತು ಒಂದು ಮಧ್ಯಾಹ್ನದಲ್ಲಿ ಹೋಯಿತು. ತುಕ್ಕಿಗೆ ಸುಮ್ನೆ ತೆಳು ಎಣ್ಣೆ, ಮೆತ್ತನೆ ಬಟ್ಟೆ ಸಾಕಾಗಿತ್ತು.

2016ರ ಆಯುಧ ನಿಯಮದಂತೆ ಎಪ್ಪತ್ತು ದಾಟಿದವರು, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. ಕೋಲಾರದ ಡಿ.ಸಿ. ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಉಳಿದ ಒಂದೂವರೆ ಬಾಣದ ಫೋಟೋವನ್ನು ತಾತನ ಹಳೇ ಲೈಸೆನ್ಸ್ ಪುಸ್ತಕದ ಜೊತೆ ಲಗತ್ತಿಸಿದ್ದೇನೆ.