ಲೈವ್ ರೆಕಾರ್ಡಿಂಗ್‌ನಿಂದ ಶಾರ್ಟ್ಸ್: ಕತ್ತರಿ ಹಾಕಿದ ಕಡೆ ವಿಡಿಯೋ ಯಾಕೆ ಕತ್ತರಿಸುವುದಿಲ್ಲ?

ವಾರಕ್ಕೊಂದು ಗಣಿತದ ಲೈವ್ ಪಾಠ ಮಾಡುತ್ತೇನೆ. ಒಂದೊಂದೂ ಎರಡು ಗಂಟೆ. ಅದರೊಳಗೆ ಒಂದು ನಿಮಿಷದ ಒಳ್ಳೆಯ ಉತ್ತರಗಳು ನಾಲ್ಕೈದಾದರೂ ಇರುತ್ತವೆ. ಅವನ್ನು ಹೆಕ್ಕಿ ಶಾರ್ಟ್ಸ್, ರೀಲ್ಸ್ ಮಾಡುವುದನ್ನು ಈ ತಿಂಗಳು ಕಲಿತೆ. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಎಡಿಟರ್ ತೆರೆಯುವುದು, ಟೈಮ್‌ಲೈನ್‌ಗೆ ಫೈಲ್ ಹಾಕುವುದು ಇವೆಲ್ಲ ನಿಮಗೂ ಗೊತ್ತಿರುತ್ತದೆ ಅಂದುಕೊಂಡು ಬಿಟ್ಟಿದ್ದೇನೆ.

ತುಣುಕು ಹುಡುಕುವುದು

ಎರಡು ಗಂಟೆಯ ರೆಕಾರ್ಡಿಂಗನ್ನು ಮತ್ತೆ ಪೂರ್ತಿ ನೋಡುತ್ತಾ ಕೂತರೆ ಮೂರನೇ ವಾರಕ್ಕೆ ಬೇಜಾರಾಗಿ ಬಿಟ್ಟುಬಿಡುತ್ತೀರಿ. ಲೈವ್ ನಡೆಯುವಾಗಲೇ ಪಕ್ಕದಲ್ಲಿ ಒಂದು ಹಾಳೆ ಇರಲಿ. ಒಳ್ಳೆಯ ಪ್ರಶ್ನೆ ಕೈಗೆತ್ತಿಕೊಂಡ ತಕ್ಷಣ ಗಡಿಯಾರದ ಸಮಯ ಬರೆದುಕೊಳ್ಳಿ. ಆಮೇಲೆ ರೆಕಾರ್ಡಿಂಗ್ ಶುರುವಾದ ಸಮಯವನ್ನು ಅದರಿಂದ ಕಳೆಯಿರಿ. ನನ್ನ ಹಾಳೆಯಲ್ಲಿ ಶುರು 7:04:20, ಗುರುತು 7:51:05. ಅಂದರೆ ಫೈಲ್‌ನಲ್ಲಿ 46 ನಿಮಿಷ 45 ಸೆಕೆಂಡ್. ನೇರ ಅಲ್ಲಿಗೇ ಹೋಗಬಹುದು. ಲೈವ್ ಕಳಿಸುವ, ರೆಕಾರ್ಡ್ ಮಾಡುವ ಉಚಿತ ಸಾಫ್ಟ್‌ವೇರ್ ಓಬಿಎಸ್ 30.2 ಅಥವಾ ಅದಕ್ಕಿಂತ ಹೊಸದು ಇದ್ದರೆ, ಫೈಲ್‌ನ ಬಗೆಯಾಗಿ ಹೈಬ್ರಿಡ್ ಎಂಪಿ4 ಆರಿಸಿಕೊಂಡು ಒಂದು ಹಾಟ್‌ಕೀ (ಮೊದಲೇ ಗೊತ್ತುಮಾಡಿಟ್ಟ ಕೀ) ಒತ್ತಿದರೆ ಫೈಲ್‌ನೊಳಗೇ ಚಾಪ್ಟರ್ ಗುರುತು ಬೀಳುತ್ತದೆ. ನನಗೆ ಇನ್ನೂ ಹಾಳೆಯೇ ಇಷ್ಟ.

ಕಾಮೆಂಟ್‌ಗಳ ಸಮಯ ನೋಡಿ ತುಣುಕು ಹುಡುಕುವವರು ಒಂದು ಮಾತು ನೆನಪಿಡಿ. ನೀವು ಹೇಳಿದ್ದು ನೋಡುವವರಿಗೆ ತಲುಪಲು ಕೆಲವು ಸೆಕೆಂಡ್ ಬೇಕು. ಅವರು ಟೈಪ್ ಮಾಡಲು ಇನ್ನೂ ಕೆಲವು ಸೆಕೆಂಡ್. ಹಾಗಾಗಿ "ಈಗ ಅರ್ಥ ಆಯ್ತು!" ಎಂಬ ಕಾಮೆಂಟ್ ಬಂದಾಗ ಆ ಕ್ಷಣ ಆಗಲೇ ಹಿಂದೆ ಹೋಗಿರುತ್ತದೆ. ನಾನು ಅರ್ಧ ನಿಮಿಷ ಹಿಂದಿನಿಂದ ನೋಡಲು ಶುರು ಮಾಡುತ್ತೇನೆ.

ಕೀಫ್ರೇಮ್: ಎರಡು ವಾರ ಇಲ್ಲೇ ನಿಂತಿದ್ದೆ

ದೊಡ್ಡ ಫೈಲ್ ಎಡಿಟರ್‌ನಲ್ಲಿ ಭಾರ ಆಗುತ್ತದೆ ಅಂತ ಮರು ಎನ್‌ಕೋಡ್ ಮಾಡದೆ, ಅಂದರೆ ವಿಡಿಯೋವನ್ನು ಮತ್ತೆ ಹೊಸದಾಗಿ ಸಂಕುಚಿಸದೆ, ಇದ್ದ ಹಾಗೇ ಕತ್ತರಿಸುವ ಒಂದು ಉಚಿತ ಸಾಧನ ಬಳಸಿದೆ. ಕ್ಷಣದಲ್ಲಿ ಕೆಲಸ ಮುಗಿಯಿತು, ಗುಣಮಟ್ಟವೂ ಹಾಳಾಗಲಿಲ್ಲ. ಆದರೆ ನಾನು 47:03ಕ್ಕೆ ಕತ್ತರಿಸಿದ್ದರೆ ತುಣುಕು 47:02ರಿಂದ ಶುರುವಾಗಿತ್ತು. ಇನ್ನೊಂದು ಸಾಧನದಲ್ಲಿ ಧ್ವನಿ ಸರಿಯಾಗಿ 47:03ಕ್ಕೆ ಬಂತು, ಚಿತ್ರ ಮಾತ್ರ ಒಂದು ಸೆಕೆಂಡ್ ಕಪ್ಪಾಗಿತ್ತು. ನನ್ನ ಹಳೆಯ ಒಂದು ಫೈಲ್‌ನಲ್ಲಂತೂ ಶುರು ಆರು ಸೆಕೆಂಡ್ ಹಿಂದಕ್ಕೆ ಹೋಗಿತ್ತು. ಸಾಧನವೇ ಕೆಟ್ಟಿದೆ ಅಂತ ಒಂದಾದ ಮೇಲೊಂದು ಬದಲಾಯಿಸಿದೆ. ತಪ್ಪು ಸಾಧನದ್ದಲ್ಲ. ವಿಡಿಯೋ ಫೈಲ್ ಇರುವುದೇ ಹಾಗೆ.

ಲೆಕ್ಕದ ಪುಸ್ತಕವೊಂದನ್ನು ನೆನಪಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಹೆಸರು, ವಿವರ, ಮೊತ್ತ ಎಲ್ಲ ಇರುತ್ತದೆ. ಕೆಳಗಿನ ಸಾಲುಗಳಲ್ಲಿ "ಮೇಲಿನಂತೆ" ಅಂತ ಬರೆದು, ಬದಲಾದ ಮೊತ್ತ ಮಾತ್ರ ಹಾಕಿರುತ್ತಾರೆ. ಆ ಪುಟವನ್ನು ಮಧ್ಯದಲ್ಲಿ ಹರಿದು ಕೆಳಗಿನ ಅರ್ಧ ಮಾತ್ರ ನಿಮ್ಮ ಕೈಗೆ ಕೊಟ್ಟರೆ? "ಮೇಲಿನಂತೆ" ಅಂತ ಇದೆ, ಮೇಲೆ ಏನೂ ಇಲ್ಲ.

ವಿಡಿಯೋದಲ್ಲೂ ಇದೇ ಲೆಕ್ಕ. ಪೂರ್ತಿ ಚಿತ್ರ ಇರುವ ಫ್ರೇಮ್‌ಗೆ ಕೀಫ್ರೇಮ್ ಅನ್ನುತ್ತಾರೆ. ಅದು ಮೊದಲ ಸಾಲು. ಉಳಿದ ಫ್ರೇಮ್‌ಗಳು "ಮೇಲಿನಂತೆ" ಸಾಲುಗಳು, ಅಕ್ಕಪಕ್ಕದ ಫ್ರೇಮ್‌ಗಿಂತ ಏನು ಬದಲಾಯಿತು ಅನ್ನುವುದಷ್ಟೇ ಅವುಗಳಲ್ಲಿ ಇರುತ್ತದೆ. ಲೈವ್ ಕಳಿಸುವಾಗ ಸಾಮಾನ್ಯವಾಗಿ 2 ಸೆಕೆಂಡಿಗೆ ಒಂದು ಕೀಫ್ರೇಮ್ ಇಡುತ್ತೇವೆ. ಸೆಕೆಂಡಿಗೆ 30 ಫ್ರೇಮ್ ಅಂದರೆ 60 ಫ್ರೇಮ್‌ಗೆ ಒಂದೇ ಪೂರ್ತಿ ಚಿತ್ರ. ನನ್ನ ಫೈಲ್‌ನಲ್ಲಿ 47:02ಕ್ಕೆ ಒಂದು, 47:04ಕ್ಕೆ ಇನ್ನೊಂದು. ನಾನು ಕೇಳಿದ 47:03 ಎರಡರ ನಡುವೆ ಸಿಕ್ಕಿಕೊಂಡಿದೆ. ಮರು ಎನ್‌ಕೋಡ್ ಮಾಡಬಾರದು ಅಂದರೆ ಸಾಧನಕ್ಕೆ ಎರಡೇ ದಾರಿ. ಹಿಂದಿನ ಕೀಫ್ರೇಮ್‌ವರೆಗೆ ಹಿಂದೆ ಹೋಗಬೇಕು, ಇಲ್ಲವೇ ಮುಂದಿನದು ಬರುವವರೆಗೆ ಚಿತ್ರ ಇಲ್ಲದೆ ಕಾಯಬೇಕು.

ಹಾಗಾದರೆ ಧ್ವನಿ ಮಾತ್ರ ಯಾಕೆ ಸರಿಯಾಗಿ ಬಂತು? ನನಗೆ ಕೊನೆಯವರೆಗೂ ಕಾಡಿದ್ದು ಇದೇ. ಇಂಥ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಎಸಿ ಬಗೆಯ ಧ್ವನಿಯಲ್ಲಿ ಒಂದು ಫ್ರೇಮ್ ಎಂದರೆ 1024 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ). 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದರೆ, ಅದು ಸುಮಾರು 21 ಮಿಲಿಸೆಕೆಂಡ್. ಅಷ್ಟು ಚಿಕ್ಕ ಚೂರುಗಳಾದ್ದರಿಂದ ಧ್ವನಿಯನ್ನು ಹೆಚ್ಚುಕಮ್ಮಿ ಎಲ್ಲಿ ಬೇಕಾದರೂ ಕತ್ತರಿಸಬಹುದು. ಚಿತ್ರಕ್ಕೆ 2 ಸೆಕೆಂಡಿನ ಚೂರು, ಧ್ವನಿಗೆ 21 ಮಿಲಿಸೆಕೆಂಡಿನ ಚೂರು. ಅದಕ್ಕೇ ಮಾತು ಮುಂದೆ ಓಡುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ.

ಹಳೆಯ ಫೈಲ್‌ನ ಆರು ಸೆಕೆಂಡಿಗೂ ಇಲ್ಲೇ ಉತ್ತರ ಇದೆ. ಅದನ್ನು ರೆಕಾರ್ಡಿಂಗ್‌ಗೆ ಬೇರೆ ಎನ್‌ಕೋಡರ್ (ವಿಡಿಯೋವನ್ನು ಸಂಕುಚಿಸುವ ಭಾಗ) ಇಟ್ಟು, ಕೀಫ್ರೇಮ್ ಅಂತರವನ್ನು 0, ಅಂದರೆ ಆಟೋ, ಮಾಡಿ ತೆಗೆದಿದ್ದೆ. ನಾವೇನೂ ಹೇಳದಿದ್ದರೆ ಎಕ್ಸ್264 ಎನ್‌ಕೋಡರ್ ಹೆಚ್ಚೆಂದರೆ 250 ಫ್ರೇಮ್‌ವರೆಗೆ ಹೊಸ ಕೀಫ್ರೇಮ್ ಇಡದೆ ಹೋಗಬಹುದು. 30 ಫ್ರೇಮ್ ಲೆಕ್ಕದಲ್ಲಿ ಎಂಟು ಸೆಕೆಂಡಿಗಿಂತ ಜಾಸ್ತಿ. ದೃಶ್ಯ ಥಟ್ಟನೆ ಬದಲಾದರೆ ನಡುವೆ ಒಂದು ಇಡುತ್ತದೆ. ಆದರೆ ಬೋರ್ಡ್ ಮುಂದೆ ನಿಂತು ಪಾಠ ಮಾಡುವಾಗ ದೃಶ್ಯ ಬದಲಾಗುವುದೇ ಇಲ್ಲ, ಅಲ್ವಾ?

ಈಗ ನಾನು ಎರಡು ಹಂತದಲ್ಲಿ ಕತ್ತರಿಸುತ್ತೇನೆ. ಮೊದಲು ಮರು ಎನ್‌ಕೋಡ್ ಇಲ್ಲದೆ, ಎರಡೂ ಕಡೆ ಹತ್ತು ಸೆಕೆಂಡ್ ಜಾಸ್ತಿ ಬಿಟ್ಟು ಒರಟಾಗಿ ಕತ್ತರಿಸುವುದು. ಎಲ್ಲಿಂದ ಶುರುವಾದರೂ ಪರವಾಗಿಲ್ಲ. ಎರಡು ಗಂಟೆಯ ಫೈಲ್ ಬದಲು ಒಂದೂವರೆ ನಿಮಿಷದ ಫೈಲ್ ಕೈಗೆ ಬರುತ್ತದೆ. ಅದನ್ನು ಎಡಿಟರ್‌ಗೆ ಹಾಕಿ ಫ್ರೇಮ್ ಲೆಕ್ಕದಲ್ಲಿ ನಿಖರವಾಗಿ ಕತ್ತರಿಸಿ ಎಕ್ಸ್‌ಪೋರ್ಟ್ ಮಾಡುವುದು. ಎಕ್ಸ್‌ಪೋರ್ಟ್ ಮಾಡುವಾಗ ಹೇಗೂ ಮರು ಎನ್‌ಕೋಡ್ ಆಗುತ್ತದೆ, ಕೀಫ್ರೇಮ್ ಹೊಸದಾಗಿ ಶುರುವಾಗುತ್ತದೆ. ಇಷ್ಟು ತಿಳಿದ ಮೇಲೆ ಒಂದು ಸಂಜೆಗೆ ಐದು ತುಣುಕು ಮುಗಿಯುತ್ತಿವೆ. ಮೊದಲು ಒಂದಕ್ಕೇ ಒಂದು ಸಂಜೆ ಹೋಗುತ್ತಿತ್ತು.

ಅಡ್ಡ ಚಿತ್ರವನ್ನು ಉದ್ದ ಮಾಡುವುದು

ಲೈವ್ ಇರುವುದು 1920×1080. ಶಾರ್ಟ್ಸ್‌ಗೆ ಬೇಕಿರುವುದು 1080×1920. ಎತ್ತರ 1080 ಹಾಗೇ ಇಟ್ಟು 9:16ಕ್ಕೆ ಕ್ರಾಪ್ ಮಾಡಿದರೆ ಸಿಗುವ ಅಗಲ ಸುಮಾರು 608 ಪಿಕ್ಸೆಲ್. ಅಂದರೆ ಮೂಲ ಚಿತ್ರದ ಮೂರನೇ ಒಂದು ಭಾಗವೂ ಇಲ್ಲ. ಅದನ್ನು ಮತ್ತೆ 1080 ಅಗಲಕ್ಕೆ ಹಿಗ್ಗಿಸಬೇಕು, ಹತ್ತಿರ ಹತ್ತಿರ 1.8 ಪಟ್ಟು. ಮುಖ ಸ್ವಲ್ಪ ಮಸುಕಾದರೂ ನಡೆಯುತ್ತದೆ. ಬೋರ್ಡ್ ಮೇಲಿನ ಸಮೀಕರಣದ ಅರ್ಧ ಕತ್ತರಿಸಿಹೋದರೆ ಪಾಠವೇ ಇಲ್ಲ.

ಹಾಗಾಗಿ ಚೌಕಟ್ಟನ್ನು ಎರಡು ಅಂತಸ್ತು ಮಾಡಿಕೊಂಡೆ. ಮೇಲೆ ಬೋರ್ಡ್ ಇರುವ ಪೂರ್ತಿ ಅಡ್ಡ ಚಿತ್ರ, ಕೆಳಗೆ ಮುಖ ಮಾತ್ರ ಕ್ರಾಪ್ ಮಾಡಿದ ಅದೇ ವಿಡಿಯೋದ ಇನ್ನೊಂದು ಪ್ರತಿ. ಅಡ್ಡ ಚಿತ್ರವನ್ನು 1080 ಅಗಲಕ್ಕೆ ಕುಗ್ಗಿಸಿದರೆ ಅದರ ಎತ್ತರವೂ ಸುಮಾರು 608 ಬರುತ್ತದೆ. ಎರಡು ಕಡೆ ಒಂದೇ ಸಂಖ್ಯೆ ನೋಡಿ ಏನೋ ತಪ್ಪಾಗಿದೆ ಅಂತ ಮೂರು ಸಲ ಲೆಕ್ಕ ಮಾಡಿದೆ. ತಪ್ಪೇನಿಲ್ಲ. ಎರಡೂ ಕಡೆ 1080ನ್ನು 9ರಿಂದ ಗುಣಿಸಿ 16ರಿಂದ ಭಾಗಿಸುತ್ತಿದ್ದೇವೆ ಅಷ್ಟೇ. ಕೆಳಗಿನ ಅಂತಸ್ತಿಗೆ 1312 ಪಿಕ್ಸೆಲ್ ಎತ್ತರ ಉಳಿಯುತ್ತದೆ. ಮುಖಕ್ಕೆ ಅಷ್ಟು ಬೇಡ. ಅದರ ಕೆಳತುದಿಯಲ್ಲಿ ಆ್ಯಪ್‌ನ ಶೀರ್ಷಿಕೆ, ಬಲಕ್ಕೆ ಲೈಕ್, ಶೇರ್ ಬಟನ್‌ಗಳು ಹೇಗೂ ಕೂರುತ್ತವೆ. ಸಬ್‌ಟೈಟಲ್ಲನ್ನು ಎರಡು ಅಂತಸ್ತಿನ ನಡುವಿನ ಗೆರೆಯ ಹತ್ತಿರ ಇಟ್ಟರೆ ಯಾವುದೂ ಅದರ ಮೇಲೆ ಬರುವುದಿಲ್ಲ.

ಮೊದಲ ವಾಕ್ಯ

ಒಂದು ತುಣುಕನ್ನು ಹತ್ತಿರದಿಂದ ತೋರಿಸುತ್ತೇನೆ. ಪ್ರಶ್ನೆ: ಭಿನ್ನರಾಶಿಯನ್ನು ಭಾಗಿಸುವಾಗ ಎರಡನೆಯದನ್ನು ಯಾಕೆ ತಲೆಕೆಳಗು ಮಾಡಬೇಕು? ಲೈವ್‌ನಲ್ಲಿ ನಾನು ಹೇಳಿದ್ದು ಹೀಗಿತ್ತು:

"ಹಾಂ, ಇಲ್ಲೊಂದು ಪ್ರಶ್ನೆ ಬಂದಿದೆ. ಒಳ್ಳೆ ಪ್ರಶ್ನೆ. ಹಿಂದಿನ ವಾರ ಹೇಳಿದ್ದೆ, ನೆನಪಿದೆಯಾ? ಇರಲಿ, ಮತ್ತೆ ನೋಡೋಣ. ಈಗ ಅರ್ಧದೊಳಗೆ ಕಾಲು ಎಷ್ಟು ಸಲ ಹೋಗುತ್ತೆ? ಎರಡು ಸಲ. ಸರಿ, ಒಂದರೊಳಗೆ ಕಾಲು ಎಷ್ಟು ಸಲ? ನಾಲ್ಕು…"

47:03ಕ್ಕೆ ಬರುವ ಮಾತು "ಅರ್ಧದೊಳಗೆ". ತುಣುಕು ಅಲ್ಲಿಂದಲೇ ಶುರು. "ಈಗ" ಎಂಬ ಪದವನ್ನೂ ತೆಗೆದೆ, ಯಾಕೆಂದರೆ ಅದು ಹಿಂದಿನ ಮಾತಿಗೆ ಕೊಂಡಿ. "ಹಿಂದಿನ ವಾರ" ಅಂದರೆ ಲೈವ್ ನೋಡಿದವರಿಗೆ ಗೊತ್ತು. ಫೋನಿನಲ್ಲಿ ಸುಮ್ನೆ ಮೇಲಕ್ಕೆ ಸರಿಸುತ್ತಾ ಬಂದವರಿಗೆ ಅದು ಬೇರೆಯವರ ಮನೆಯ ಮಾತು. ನಡುವೆ ಬೋರ್ಡ್ ಒರೆಸಿದ ಒಂಬತ್ತು ಸೆಕೆಂಡನ್ನೂ ತೆಗೆದೆ. ಆದರೆ ನಾಲ್ಕು ಕಾಲುಗಳನ್ನು ಒಂದೊಂದಾಗಿ ಬರೆಯುವಾಗಿನ ಮೌನವನ್ನು ಮುಟ್ಟಲಿಲ್ಲ. ನೋಡುವವರು ಆ ಹೊತ್ತಿನಲ್ಲೇ ಮನಸ್ಸಿನಲ್ಲಿ ಎಣಿಸುತ್ತಾರೆ. ಮೌನ ತೆಗೆಯುವ ಬಟನ್ ಒತ್ತಿದ್ದರೆ ಅದೂ ಹೋಗಿಬಿಡುತ್ತಿತ್ತು. ಆ ಬಟನ್ನನ್ನು ಪಾಠದ ವಿಡಿಯೋಗೆ ಬಳಸಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಉದ್ದ 52 ಸೆಕೆಂಡ್ ಬಂತು. 2024ರ ಅಕ್ಟೋಬರ್ 15ರಿಂದ ಯೂಟ್ಯೂಬ್ ಶಾರ್ಟ್ಸ್ 3 ನಿಮಿಷದವರೆಗೆ ಇರಬಹುದು. ಆದರೆ ಒಂದು ಪ್ರಶ್ನೆಗೆ ಒಂದೇ ಉತ್ತರ ಅಂದುಕೊಂಡರೆ ಅಷ್ಟು ಬೇಕಾಗುವುದು ಅಪರೂಪ.

ಚಿಕ್ಕಪುಟ್ಟವು

ಹಿನ್ನೆಲೆ ಸಂಗೀತ ಮಾತಿನ ಜೊತೆ ಒಂದೇ ಟ್ರ್ಯಾಕ್‌ನಲ್ಲಿದ್ದರೆ, ನಡುವೆ ಒಂದು ವಾಕ್ಯ ತೆಗೆದಾಗ ಸಂಗೀತವೂ ಜಿಗಿಯುತ್ತದೆ. ಓಬಿಎಸ್‌ನಲ್ಲಿ ಆರು ಆಡಿಯೋ ಟ್ರ್ಯಾಕ್ ಇವೆ, ಸಂಗೀತವನ್ನು ಬೇರೆಯದಕ್ಕೆ ಕಳಿಸಿ.

ಸಾಮಾನ್ಯ ಎಂಪಿ4ನಲ್ಲಿ ರೆಕಾರ್ಡ್ ಮಾಡುವಾಗ ಕರೆಂಟ್ ಹೋದರೆ ಫೈಲ್ ತೆರೆಯುವುದೇ ಇಲ್ಲ, ಯಾಕೆಂದರೆ ಅದರ ಸೂಚಿಯನ್ನು ಕೊನೆಯಲ್ಲಿ ಬರೆಯುತ್ತಾರೆ. ಎಂಕೆವಿ ಎಂಬ ಇನ್ನೊಂದು ಬಗೆಯ ಫೈಲ್‌ನಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಓಬಿಎಸ್‌ನ ಫೈಲ್ ಮೆನುವಿನಲ್ಲೇ ರೀಮಕ್ಸ್ ಮಾಡಿ, ಅಂದರೆ ಮರು ಎನ್‌ಕೋಡ್ ಇಲ್ಲದೆ ಫೈಲ್‌ನ ಬಗೆ ಮಾತ್ರ ಬದಲಿಸಿ, ಎಂಪಿ4 ಮಾಡಿಕೊಳ್ಳಬಹುದು.

ಸಬ್‌ಟೈಟಲ್ ಫೈಲನ್ನು ತುಣುಕು ಕತ್ತರಿಸಿದ ಮೇಲೆ ಮಾಡಿ. ಮೊದಲೇ ಮಾಡಿದರೆ ಪ್ರತಿ ಸಾಲಿನ ಸಮಯದಿಂದ 47:03 ಕಳೆಯಬೇಕು. ನಡುವೆ ಏನಾದರೂ ತೆಗೆದಿದ್ದರೆ ಅಲ್ಲಿಂದ ಮುಂದಕ್ಕೆ ಅದನ್ನೂ ಕಳೆಯಬೇಕು.

ಪೂರ್ತಿ ಪಾಠಕ್ಕೆ ದಾರಿ

ಶಾರ್ಟ್ಸ್‌ನ ವಿವರಣೆಯಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಯೂಟ್ಯೂಬ್ 2023ರ ಆಗಸ್ಟ್ ಕೊನೆಯಲ್ಲೇ ಅದನ್ನು ನಿಲ್ಲಿಸಿತು. ಅದರ ಬದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಸಂಬಂಧಿತ ವಿಡಿಯೋ ಅಂತ ಲೈವ್ ಪಾಠವನ್ನು ಜೋಡಿಸಬಹುದು. ಪಾಠದ ವಿವರಣೆಯಲ್ಲಿ ಚಾಪ್ಟರ್ ಸಮಯಗಳನ್ನೂ ಬರೆದಿಡಿ. ಮೊದಲನೆಯದು 0:00 ಇರಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು. ಲೈವ್ ವೇಳೆ ಬರೆದ ಹಾಳೆ ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ನನ್ನ ಪಾಠದಲ್ಲಿ ಆ ಸಾಲು ಹೀಗಿದೆ: 46:45 ಭಾಗಾಕಾರದಲ್ಲಿ ತಲೆಕೆಳಗು ಯಾಕೆ?