ಬರೆದದ್ದನ್ನು ಹಂಚಿಕೊಳ್ಳಬೇಕು, ಯಾರಿಗೂ ಕಿರಿಕಿರಿ ಆಗಬಾರದು. ಹೇಗೆ?

ಓದುಗರ ಪ್ರಶ್ನೆ: ನಾನು ಒಂದು ಬ್ಲಾಗ್ ಬರೆಯುತ್ತೇನೆ. ಬರೆದದ್ದನ್ನು ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಹಾಕಲು ತುಂಬಾ ಸಂಕೋಚ. ಹಾಕಿದರೆ 'ಇವರದ್ದು ಯಾವಾಗ ನೋಡಿದರೂ ಇದೇ' ಅಂದುಕೊಳ್ಳುತ್ತಾರೇನೋ ಎಂಬ ಅಳುಕು. ಹಾಕದಿದ್ದರೆ ಓದುವವರೇ ಇಲ್ಲ. ಎಷ್ಟು ಸಲ ಹಾಕಬಹುದು? ಎಲ್ಲಿ ಹಾಕಬಹುದು?

ಉತ್ತರ:

ಬರೆಯುವವರಲ್ಲಿ ಬಹಳ ಮಂದಿ ಇದೇ ಸಂಕೋಚದಿಂದ ಒಳ್ಳೊಳ್ಳೆ ಬರಹಗಳನ್ನು ಮೂಲೆಗೆ ಹಾಕಿಬಿಡುತ್ತಾರೆ. ನನಗೆ ಅದು ನಿಜಕ್ಕೂ ಬೇಸರದ ವಿಷಯ. ದಿನಗಟ್ಟಲೆ ಕೂತು ಬರೆದಿದ್ದನ್ನು ನಾಲ್ಕು ಜನಕ್ಕೆ ತೋರಿಸದೇ ಇದ್ದರೆ ಹೇಗೆ? ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಷ್ಟು ಸಲ ಎನ್ನುವುದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾವು ಹಾಕಿದ್ದನ್ನೆಲ್ಲ ಎಲ್ಲರೂ ನೋಡುತ್ತಾರೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಫೇಸ್‌ಬುಕ್ ಆಗಲಿ, ಇನ್‌ಸ್ಟಾಗ್ರಾಮ್ ಆಗಲಿ, ಯಾರಿಗೆ ಏನು ತೋರಿಸಬೇಕು ಅಂತ ತಾವೇ ಆರಿಸುತ್ತವೆ. ನಿಮ್ಮ ಪರಿಚಯದವರಲ್ಲಿ ಕೆಲವರಿಗೆ ಮಾತ್ರ ನಿಮ್ಮ ಪೋಸ್ಟ್ ಕಾಣುತ್ತದೆ. ಹಾಗಾಗಿ ಕೆಲವು ವಾರ ಬಿಟ್ಟು ಅದೇ ಬರಹವನ್ನು ಇನ್ನೊಮ್ಮೆ ಹಾಕಿದರೆ ಹೆಚ್ಚಿನವರಿಗೆ ಅದು ಹೊಸದೇ. ಎರಡನೇ ಸಲ ಹಾಕುವಾಗ ಬೇರೆ ಮಾತಿನಿಂದ, ಬರಹದ ಬೇರೊಂದು ಭಾಗದಿಂದ ಶುರುಮಾಡಿ, ಅಷ್ಟು ಸಾಕು. ಇನ್ನೊಂದು ವಿಷಯ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್ ಬದಲಿಸಿ, ಪುಟಗಳ ಪೋಸ್ಟ್‌ಗಳಿಗಿಂತ ಗೆಳೆಯರು ಮತ್ತು ಮನೆಯವರ ಮಾತುಕತೆಗೆ ಹೆಚ್ಚು ಜಾಗ ಕೊಡುವುದಾಗಿ ಹೇಳಿತ್ತು. ಬ್ಲಾಗಿನ ಹೆಸರಲ್ಲೇ ಒಂದು ಪುಟ ತೆರೆದು ಅಲ್ಲಿ ಮಾತ್ರ ಹಾಕುತ್ತಿದ್ದರೆ, ನಿಮ್ಮ ಸ್ವಂತ ಖಾತೆಯಲ್ಲೂ ಹಾಕಿ ನೋಡಿ.

ಹಾಗಾದರೆ ಜನರಿಗೆ ಕಿರಿಕಿರಿ ಯಾವುದರಿಂದ ಆಗುತ್ತದೆ? ನನ್ನ ಪ್ರಕಾರ ಎರಡೇ ವಿಷಯದಿಂದ. ಪೋಸ್ಟಿನಲ್ಲಿ ಓದುಗರಿಗೆ ಏನೂ ಸಿಗದೆ, ಬರೀ ಬೇಡಿಕೆ ಇದ್ದಾಗ. ಮತ್ತೆ, ಅವರು ಕೇಳದೇ ಇರುವ ಜಾಗಕ್ಕೆ ನಾವು ನುಗ್ಗಿದಾಗ.

ಮೊದಲನೆಯದನ್ನು ನೋಡೋಣ. ಲಿಂಕ್ ಒತ್ತದವರಿಗೂ ನಿಮ್ಮ ಪೋಸ್ಟಿನಿಂದ ಏನಾದರೂ ಸಿಗಬೇಕು. ನಾನು ಇಡೀ ಉತ್ತರದಲ್ಲಿ ಹೇಳಬೇಕು ಅಂದುಕೊಂಡಿರುವುದು ಇದೇ. ಯಾಕೆಂದರೆ ಒತ್ತದವರೇ ಜಾಸ್ತಿ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು ಟ್ವಿಟರ್‌ನಲ್ಲಿ ಹಂಚಿಕೆಯಾದ ಸುದ್ದಿ ಲಿಂಕ್‌ಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಶೇಕಡಾ 59ರಷ್ಟನ್ನು ಒಬ್ಬರೂ ಒತ್ತಿರಲಿಲ್ಲ. ದೊಡ್ಡ ಸುದ್ದಿ ಸಂಸ್ಥೆಗಳ ಲಿಂಕ್‌ಗಳ ಕಥೆಯೇ ಹೀಗಿದ್ದರೆ ನಮ್ಮದು ಯಾವ ಲೆಕ್ಕ, ಅಲ್ವಾ? ಒತ್ತದೇ ಮುಂದೆ ಹೋಗುವ ಈ ಜನರ ಕಣ್ಣಿಗೆ ವಾರವಾರವೂ 'ಓದಿ, ಓದಿ' ಎಂಬ ಮಾತು ಮಾತ್ರ ಬಿದ್ದರೆ ಅವರಿಗೆ ಬೇಜಾರಾಗುತ್ತದೆ. ಅದರ ಬದಲು ಒಂದು ಉಪಯೋಗದ ಮಾತು ಬಿದ್ದರೆ ಮುಂದಿನ ಸಲ ನಿಮ್ಮ ಹೆಸರು ಕಂಡಾಗ ಅವರೇ ನಿಂತು ಓದುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಸೈಕಲ್ ಪಂಕ್ಚರನ್ನು ಮನೆಯಲ್ಲೇ ಹಾಕಿಕೊಳ್ಳುವುದರ ಬಗ್ಗೆ ನೀವು ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ಸಾಮಾನ್ಯವಾಗಿ ಪೋಸ್ಟ್ ಹೀಗಿರುತ್ತದೆ:

"ನನ್ನ ಹೊಸ ಬರಹ ಪ್ರಕಟವಾಗಿದೆ. ದಯವಿಟ್ಟು ಓದಿ, ಅಭಿಪ್ರಾಯ ತಿಳಿಸಿ, ಶೇರ್ ಮಾಡಿ."

ಇದರಲ್ಲಿ ಸೈಕಲ್ಲೇ ಇಲ್ಲ. ಓದುವವರ ಕಡೆಯಿಂದ ಮೂರು ಕೆಲಸ ಕೇಳಿದ್ದೀರಿ, ಅವರಿಗೆ ಒಂದನ್ನೂ ಕೊಟ್ಟಿಲ್ಲ. ಅದೇ ಜಾಗದಲ್ಲಿ ಹೀಗೆ ಬರೆದು ನೋಡಿ:

"ಪಂಕ್ಚರ್ ಹಾಕಿದ ಮರುದಿನವೇ ಅದೇ ಚಕ್ರದ ಗಾಳಿ ಮತ್ತೆ ಇಳಿಯಿತಾ? ಪ್ಯಾಚ್ ಸರಿಯಾಗಿಯೇ ಕೂತಿರಬಹುದು. ಟ್ಯೂಬಿಗೆ ಚುಚ್ಚಿದ ಮುಳ್ಳು ಇನ್ನೂ ಟೈರಿನಲ್ಲೇ ಇದ್ದರೂ ಹೀಗಾಗುತ್ತದೆ. ಟ್ಯೂಬ್ ಒಳಗೆ ಹಾಕುವ ಮೊದಲು ಹಳೇ ಬಟ್ಟೆಯೊಂದನ್ನು ಟೈರಿನ ಒಳಗೆ ಒಂದು ಸುತ್ತು ಸವರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಬರಿಗೈಯಲ್ಲಿ ಮಾತ್ರ ಸವರಬೇಡಿ. ಉಳಿದ ಹಂತಗಳನ್ನು ಚಿತ್ರಗಳ ಸಮೇತ ಬರೆದಿದ್ದೇನೆ, ಬೇಕಾದವರಿಗೆ ಲಿಂಕ್ ಇಲ್ಲಿದೆ."

ಸೈಕಲ್ ಇರುವವರಿಗೆ ಲಿಂಕ್ ಒತ್ತದೆಯೂ ಒಂದು ವಿಷಯ ಗೊತ್ತಾಯಿತು. ಸೈಕಲ್ ಇಲ್ಲದವರು ಸುಮ್ನೆ ಮುಂದೆ ಹೋಗುತ್ತಾರೆ, ಅವರಿಗೂ ತೊಂದರೆಯಿಲ್ಲ. ಇದನ್ನು ಹಂಚುವಾಗ ನಿಮಗೂ ಸಂಕೋಚ ಆಗುವುದಿಲ್ಲ. ಏಕೆಂದರೆ ನೀವು ಕೇಳುತ್ತಿಲ್ಲ, ಕೊಡುತ್ತಿದ್ದೀರಿ.

'ಒಳ್ಳೆಯ ಭಾಗವನ್ನು ಇಲ್ಲೇ ಹೇಳಿಬಿಟ್ಟರೆ ಅಲ್ಲಿಗೆ ಯಾರು ಬರುತ್ತಾರೆ?' ಎಂದು ನೀವು ಕೇಳಬಹುದು. ಬರುವವರು ಬಂದೇ ಬರುತ್ತಾರೆ. ಒಂದು ಒಳ್ಳೆಯ ತುಣುಕು ಓದಿದವರಿಗೆ ಉಳಿದದ್ದೂ ಹೀಗೇ ಇರಬೇಕು ಅನ್ನಿಸುತ್ತದೆ. ಅದು ಬಿಟ್ಟು 'ಟೈರಿನ ಒಳಗೆ ಏನಿತ್ತು ಗೊತ್ತಾ? ತಿಳಿದರೆ ಬೆಚ್ಚಿಬೀಳುತ್ತೀರಿ' ಎಂದು ಮುಚ್ಚಿಟ್ಟು ಬರೆದರೆ ಒಂದು ಸಲ ಬರುತ್ತಾರೆ, ಮತ್ತೆ ನಿಮ್ಮನ್ನು ನಂಬುವುದಿಲ್ಲ. ಇಂಥ ಶೀರ್ಷಿಕೆಗಳನ್ನು ಹಿಂದಕ್ಕೆ ತಳ್ಳುವುದಾಗಿ ಫೇಸ್‌ಬುಕ್ 2014ರಲ್ಲೇ ಹೇಳಿತ್ತು. 'ಲೈಕ್ ಒತ್ತಿ, ಗೆಳೆಯರನ್ನು ಟ್ಯಾಗ್ ಮಾಡಿ, ಶೇರ್ ಮಾಡಿ' ಎಂದು ಗೋಗರೆಯುವ ಪೋಸ್ಟ್‌ಗಳಿಗೂ 2017ರ ಡಿಸೆಂಬರ್‌ನಲ್ಲಿ ಅದೇ ಗತಿಯಾಯಿತು.

ಲಿಂಕಿನ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಕೆಳಗೆ ಬರೆದ ಲಿಂಕನ್ನು ಒತ್ತಿದರೆ ಏನೂ ತೆರೆಯುವುದಿಲ್ಲ. ಲಿಂಕನ್ನು ಪ್ರೊಫೈಲ್‌ನಲ್ಲಿ ಇಡಬೇಕು, ಇಲ್ಲವೇ ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಹಾಕಬೇಕು. 2021ರ ಅಕ್ಟೋಬರ್‌ನಿಂದ ಆ ಸ್ಟಿಕ್ಕರ್ ಎಲ್ಲರಿಗೂ ಸಿಗುತ್ತಿದೆ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್), ವಿಷಯವನ್ನು ಮುಖ್ಯ ಪೋಸ್ಟಿನಲ್ಲಿ ಬರೆದು ಲಿಂಕನ್ನು ಅದರ ಕೆಳಗಿನ ಉತ್ತರದಲ್ಲಿ ಹಾಕಿ ಎಂದು ಅದರ ಮಾಲೀಕ ಎಲಾನ್ ಮಸ್ಕ್ ಅವರೇ 2024ರ ನವೆಂಬರ್‌ನಲ್ಲಿ ಹೇಳಿದ್ದರು. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಅವುಗಳ ಹಿಂದೆ ಓಡುತ್ತಾ ಕೂರಬೇಡಿ. ಪೋಸ್ಟಿನಲ್ಲೇ ಹುರುಳಿದ್ದರೆ ಲಿಂಕ್ ಮೇಲಿದ್ದರೂ ಕೆಳಗಿದ್ದರೂ ಹುಡುಕಿಕೊಂಡು ಬರುವವರು ಬರುತ್ತಾರೆ. ಆದರೆ ಲಿಂಕ್ ಹಾಕಿದಾಗ ಮೂಡುವ ಚಿತ್ರ ಮತ್ತು ಶೀರ್ಷಿಕೆ ಸರಿಯಾಗಿವೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಚಿತ್ರ 1200 x 630 ಪಿಕ್ಸೆಲ್ ಇದ್ದರೆ ಹೆಚ್ಚಿನ ಕಡೆ ಚೆನ್ನಾಗಿ ಕೂರುತ್ತದೆ.

ಈಗ ಎರಡನೆಯದು, ಜಾಗದ ವಿಷಯ. ನಿಮ್ಮ ಸ್ವಂತ ಖಾತೆಯಲ್ಲಿ ಹಾಕುವುದು ಗೋಡೆಗೆ ಅಂಟಿಸಿದ ಹಾಗೆ. ನೋಡುವವರು ನೋಡುತ್ತಾರೆ, ಬಿಡುವವರು ಬಿಡುತ್ತಾರೆ. ಒಬ್ಬೊಬ್ಬರಿಗೇ ಮೆಸೇಜ್ ಕಳಿಸುವುದು, ಐವತ್ತು ಜನರನ್ನು ಟ್ಯಾಗ್ ಮಾಡುವುದು ಬಾಗಿಲು ತಟ್ಟಿದ ಹಾಗೆ. ಬಾಗಿಲು ತಟ್ಟಿದರೆ ಅವರು ಎದ್ದು ಬರಬೇಕು.

ಟ್ಯಾಗ್ ಮಾಡುವುದಂತೂ ಇನ್ನೂ ಸೂಕ್ಷ್ಮ. ನೀವು ಟ್ಯಾಗ್ ಮಾಡಿದ ಪೋಸ್ಟ್ ಅವರ ಗೆಳೆಯರಿಗೂ ಕಾಣಬಹುದು. ಅಂದರೆ ಅವರ ಹೆಸರು ಬಳಸಿ ನಿಮ್ಮ ಬರಹ ತೋರಿಸಿದಂತಾಯಿತು. ಬರಹದಲ್ಲಿ ಅವರ ಮಾತು, ಅವರು ತೆಗೆದ ಫೋಟೋ, ಅವರು ಮಾಡಿದ ಸಹಾಯ ಏನಾದರೂ ಇದ್ದರೆ ಖಂಡಿತ ಟ್ಯಾಗ್ ಮಾಡಿ, ಅವರಿಗೂ ಖುಷಿಯಾಗುತ್ತದೆ. ಬರೀ ಕಣ್ಣಿಗೆ ಬೀಳಲಿ ಅಂತ ಬೇಡ.

ವಾಟ್ಸಾಪ್ ಗ್ರೂಪ್‌ಗಳಲ್ಲೂ ಎಚ್ಚರ ಇರಲಿ. ಗ್ರೂಪ್ ಯಾವುದಕ್ಕಾಗಿ ಮಾಡಿದ್ದೋ ಅದಕ್ಕೆ ಸಂಬಂಧಪಟ್ಟಿದ್ದನ್ನು ಮಾತ್ರ ಹಾಕಿ. ಮನೆಯವರ ಗ್ರೂಪಿಗೆ ಪಂಕ್ಚರ್ ಬರಹ ಬೇಕಿಲ್ಲ, ಅಜ್ಜಿಯ ಬಗ್ಗೆ ಬರೆದಿದ್ದರೆ ಅದನ್ನು ಅಲ್ಲಿ ಹಾಕದೇ ಇರುವುದೇ ತಪ್ಪು. ಯಾರೋ ಒಬ್ಬರಿಗೆ ನಿಜಕ್ಕೂ ಬೇಕಾಗುತ್ತದೆ ಅನ್ನಿಸಿದರೆ ಅವರೊಬ್ಬರಿಗೇ ಕಳಿಸಿ, ಯಾಕೆ ಕಳಿಸಿದಿರಿ ಅಂತ ಒಂದು ಸಾಲು ಬರೆಯಿರಿ. 'ಮೊನ್ನೆ ಮಗಳ ಸೈಕಲ್ ಪದೇಪದೇ ಪಂಕ್ಚರ್ ಆಗುತ್ತಿದೆ ಅಂದಿದ್ದಿರಲ್ಲ, ಇದರ ಮೂರನೇ ಭಾಗ ನೋಡಿ' ಅಂದರೆ ಅದರಲ್ಲಿ ಒತ್ತಾಯ ಎಲ್ಲಿದೆ? ಅವರ ಮಾತು ನಿಮಗೆ ನೆನಪಿತ್ತು ಅಂತ ಸಂತೋಷವೇ ಆಗುತ್ತದೆ. ಕಳಿಸಿದ ಮೇಲೆ 'ಓದಿದ್ರಾ?' ಅಂತ ಮಾತ್ರ ಕೇಳಬೇಡಿ. ಬೇಸರ ಶುರುವಾಗುವುದೇ ಆ ಪ್ರಶ್ನೆಯಿಂದ.

ಪರಿಚಯವಿಲ್ಲದವರ ನಡುವೆ ಹೋಗುವಾಗ, ವಿಷಯಕ್ಕೊಂದು ಚರ್ಚೆಯ ಗುಂಪಿರುವ ರೆಡ್ಡಿಟ್ ಎಂಬ ಜಾಲತಾಣದ ಬಳಕೆದಾರರ ಹಳೆಯ ಲೆಕ್ಕವೊಂದು ಉಪಯೋಗಕ್ಕೆ ಬರುತ್ತದೆ. ಹತ್ತು ಸಲ ಏನಾದರೂ ಹಾಕಿದರೆ ಅದರಲ್ಲಿ ಒಂದು ಮಾತ್ರ ನಿಮ್ಮದಾಗಿರಲಿ ಎಂದು ಅಲ್ಲಿ ಹೇಳುತ್ತಿದ್ದರು. ಲೆಕ್ಕವನ್ನು ಪಟ್ಟಾಗಿ ಹಿಡಿಯಬೇಕಿಲ್ಲ, ಅದರ ಹಿಂದಿನ ಯೋಚನೆ ಸರಿಯಾಗಿದೆ. ಸೈಕಲ್ ಪ್ರಿಯರ ಗುಂಪಿನಲ್ಲಿ ಯಾರೋ ಸಹಾಯ ಕೇಳಿದರೆ ಮೊದಲು ಅಲ್ಲೇ ಪೂರ್ತಿ ಉತ್ತರ ಬರೆಯಿರಿ. 'ಉತ್ತರ ನನ್ನ ಬರಹದಲ್ಲಿದೆ' ಎಂದು ಲಿಂಕ್ ಎಸೆದು ಹೋಗಬೇಡಿ. ಉತ್ತರ ಮುಗಿದ ಮೇಲೆ ಬೇಕಿದ್ದರೆ ಲಿಂಕ್ ಕೊಡಿ. ಆ ಬರಹ ನಿಮ್ಮದೇ ಅಂತ ಹೇಳಿಬಿಡಿ. ಬೇರೆ ಯಾರದ್ದೋ ಎಂಬಂತೆ ಹಾಕಿ ಆಮೇಲೆ ಗೊತ್ತಾದರೆ, ಬರಹ ಎಷ್ಟೇ ಚೆನ್ನಾಗಿದ್ದರೂ ಹೆಸರು ಕೆಡುತ್ತದೆ. ಗುಂಪಿನ ನಿಯಮಗಳಲ್ಲಿ ಲಿಂಕ್ ಬೇಡ ಅಂತಿದ್ದರೆ ಬೇಡ.

ಉಳಿದ ಒಂಬತ್ತು ಸಲ ಏನು ಮಾಡುವುದು? ಬೇರೆಯವರು ಬರೆದಿದ್ದನ್ನು ಓದಿ, ಹಿಡಿಸಿದ್ದನ್ನು ಹಂಚಿ. 'ಸೂಪರ್' ಎಂದಷ್ಟೇ ಬರೆಯದೆ, ಯಾವ ಸಾಲು ಹಿಡಿಸಿತು, ಯಾಕೆ ಹಿಡಿಸಿತು ಅಂತ ಎರಡು ಮಾತು ಬರೆಯಿರಿ. ನಿಮ್ಮ ಪೋಸ್ಟಿಗೆ ಯಾರಾದರೂ ಪ್ರತಿಕ್ರಿಯೆ ಬರೆದರೆ ಉತ್ತರಿಸಿ. ಹೊಸ ಓದುಗರು ಹೆಚ್ಚಾಗಿ ಸಿಗುವುದು ಈ ಮಾತುಕತೆಯಲ್ಲೇ.

ನಿಮಗೆ ಹತ್ತಿರದವರು ಓದದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅವರಿಗೆ ನಿಮ್ಮ ಮೇಲೆ ಪ್ರೀತಿಯಿದೆ, ಸೈಕಲ್ ಮೇಲೆ ಇಲ್ಲ, ಅಷ್ಟೇ.

ನಿಮ್ಮ ಬರಹ ಪ್ರತಿಸಲ ಬೇಕು ಅನ್ನುವವರೂ ಕೆಲವರು ಇದ್ದೇ ಇರುತ್ತಾರೆ. ಅವರಿಗಾಗಿ ಬೇರೆ ದಾರಿ ಮಾಡಿ. ಬರಹದ ಕೊನೆಯಲ್ಲಿ 'ಹೊಸದು ಬಂದಾಗ ತಿಳಿಯಬೇಕಿದ್ದರೆ ಇಲ್ಲಿ ಸೇರಿಕೊಳ್ಳಿ' ಎಂದು ಇಮೇಲ್ ಪಟ್ಟಿಯ ಅಥವಾ ವಾಟ್ಸಾಪ್ ಚಾನೆಲ್‌ನ ಲಿಂಕ್ ಕೊಡಿ. 2023ರಲ್ಲಿ ಬಂದ ಈ ಚಾನೆಲ್‌ಗಳಿಗೆ ಜನ ತಾವಾಗಿ ಸೇರುತ್ತಾರೆ, ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಲ್ಲಿಗೆ ಬಂದವರು ಕೇಳಿಕೊಂಡೇ ಬಂದವರು, ಅವರ ಮುಂದೆ ಸಂಕೋಚ ಬೇಕಿಲ್ಲ. ಎಷ್ಟು ದಿನಕ್ಕೊಮ್ಮೆ ಬರೆಯುತ್ತೀರಿ ಎಂದು ಮೊದಲೇ ಹೇಳಿ, ಅದಕ್ಕಿಂತ ಜಾಸ್ತಿ ಕಳಿಸಬೇಡಿ. ಯಾರಾದರೂ ಬಿಟ್ಟುಹೋದರೆ ಯಾಕೆ ಅಂತ ಕೇಳಲು ಹೋಗಬೇಡಿ.